ಷರಾ ಕಾಲಂ ಓದಿದ ಮೇಲೆ ಆಪ್ ಬರೆಯಿರಿ

ಪ್ರಶ್ನೆ: ನಾನು ಹಾಸನದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮಾಹಿತಿ ವಿಜ್ಞಾನ ವಿಭಾಗದ ಏಳನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ನಮ್ಮದು ನಾಲ್ವರ ತಂಡ. ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವ ವ್ಯಾಪಾರಿಯೊಬ್ಬರು ನನ್ನ ಸೋದರಮಾವನಿಗೆ ಪರಿಚಯ. ಅವರಲ್ಲಿ ಪ್ರಾಜೆಕ್ಟ್ ಕೇಳಿದಾಗ, ‘ದಾಸ್ತಾನು, ಬೆಳೆಗಾರರ ಲೆಕ್ಕ, ವಾಟ್ಸ್‌ಆ್ಯಪ್ ಸಂದೇಶ, ನಾಳಿನ ಕಾಫಿ ದರ ಎಲ್ಲ ಇರುವ ಒಂದು ಆಪ್ ಮಾಡಿಕೊಡಿ’ ಎಂದರು. ನಮ್ಮ ಗೈಡ್ ‘ಬರೀ ಲೆಕ್ಕದ ತಂತ್ರಾಂಶಕ್ಕೆ ಅಂಕ ಬರುವುದಿಲ್ಲ, ಮಷೀನ್ ಲರ್ನಿಂಗ್ ಇರಲಿ’ ಎನ್ನುತ್ತಾರೆ. ತಂಡದ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸಿದ್ಧ ಪ್ರಾಜೆಕ್ಟ್ ಕೊಂಡುಬಿಡೋಣ ಎನ್ನುತ್ತಿದ್ದಾನೆ. ವ್ಯಾಪಾರಿ ಹಣ ಕೊಟ್ಟರೆ ತೆಗೆದುಕೊಳ್ಳಬಹುದೇ? ನಾವು ಬರೆದ ಕೋಡ್ ಯಾರದಾಗುತ್ತದೆ? ಎಲ್ಲಿಂದ ಶುರು ಮಾಡುವುದು, ಮೇಡಂ?

ಉತ್ತರ: ಶುರು ಮಾಡುವುದು ಗೋದಾಮಿನ ಮೂಲೆಯಲ್ಲಿರುವ ಮೇಜಿನಿಂದ. ಲ್ಯಾಪ್‌ಟಾಪ್ ಹಾಸ್ಟೆಲಿನಲ್ಲೇ ಇರಲಿ. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲು ಹಿಡಿದು ಎರಡು ದಿನ, ಬೆಳಗ್ಗೆ ಬಾಗಿಲು ತೆರೆಯುವುದರಿಂದ ಸಂಜೆ ಲೆಕ್ಕ ಮುಚ್ಚುವವರೆಗೆ, ಅಲ್ಲಿನ ಗುಮಾಸ್ತರ ಪಕ್ಕದಲ್ಲಿ ಕುಳಿತುಕೊಳ್ಳಿ. ವ್ಯಾಪಾರಿಯ ಪಕ್ಕದಲ್ಲಲ್ಲ. ವ್ಯಾಪಾರಿ ಹೇಳಿದ ಪಟ್ಟಿ ಯಾರೋ ಅವರಿಗೆ ಮದುವೆ ಮನೆಯಲ್ಲಿ ಮೊಬೈಲಿನಲ್ಲಿ ತೋರಿಸಿದ ಆಪಿನ ಪಟ್ಟಿ ಇದ್ದೀತು. ದಿನವೂ ಪುಸ್ತಕ ಬರೆಯುವವರಿಗೆ ಬೇಕಾದದ್ದು ಬೇರೆಯೇ ಇರುತ್ತದೆ.

ಈಗ ಆಗಸ್ಟ್, ಮಲೆನಾಡಿನ ಮಳೆಗಾಲ. ಗೋದಾಮಿಗೆ ಹೊಸ ಕಾಫಿ ಬರುತ್ತಿರುವುದಿಲ್ಲ, ಗುಮಾಸ್ತರಿಗೂ ಒಂದಿಷ್ಟು ಬಿಡುವಿರುತ್ತದೆ. ಕಳೆದ ಸುಗ್ಗಿಯ ಆವಕದ ಪುಸ್ತಕ ತೆಗೆಸಿಕೊಳ್ಳಿ. ಅಚ್ಚುಕಟ್ಟಾದ ಕಾಲಂಗಳ ಮೇಲೆ ನಿಮ್ಮ ಕಣ್ಣು ಮೊದಲು ಹೋಗುತ್ತದೆ: ದಿನಾಂಕ, ಹೆಸರು, ಊರು, ಚೀಲ, ತೂಕ, ದರ, ಮೊತ್ತ. ನೋಡಿದ ಕೂಡಲೇ ಡೇಟಾಬೇಸಿನ ಟೇಬಲ್ ಗೀಚಿ ಮುಗಿಸಬೇಕೆನಿಸುತ್ತದೆ. ಸ್ವಲ್ಪ ತಡೆಯಿರಿ. ಪುಟದ ಬಲತುದಿಯಲ್ಲಿ, ಗೆರೆ ಹಾಕುವಾಗ ಉಳಿದ ಜಾಗಕ್ಕೆ ಕೊಟ್ಟಂತೆ, ‘ಷರಾ’, ಅಂದರೆ ಟಿಪ್ಪಣಿ, ಎಂಬ ಇಕ್ಕಟ್ಟಾದ ಕಾಲಂ ಇರುತ್ತದೆ. ಅಕ್ಷರ ಅಲ್ಲಿ ಸಣ್ಣದಾಗಿ, ಕೆಲವು ಕಡೆ ಗೆರೆ ದಾಟಿ ಅಂಚಿನಲ್ಲಿ ಮೇಲಕ್ಕೆ ಹತ್ತಿರುತ್ತದೆ. ಓದಬೇಕಾದದ್ದು ಅದನ್ನು.

ನಾನು ಕಂಡ ಅಂಥದೊಂದು ಪುಸ್ತಕದ ಒಂದೇ ಪುಟದಲ್ಲಿ ಇವಿದ್ದವು: ‘ಎರಡು ಚೀಲ ಹಸಿ, ವಾಪಸ್.’ ‘ಅರ್ಧ ತಮ್ಮನ ಖಾತೆಗೆ.’ ‘ದರ ಆಮೇಲೆ.’ ‘ಖಾಲಿ ಚೀಲ ನಮ್ಮದು, 12.’ ಇನ್ನೊಂದು ಸಾಲು ಕೆಂಪು ಶಾಯಿಯಲ್ಲಿ: ‘ಮುಂಗಡ ಈಗ ಹಿಡಿಯಬೇಡಿ, ಮಗಳ ಮದುವೆ.’

ಇದರಲ್ಲಿ ಒಂದೊಂದೂ ನಿಮ್ಮ ತಂತ್ರಾಂಶಕ್ಕೆ ಕೊಟ್ಟ ಏಟು. ‘ದರ ಆಮೇಲೆ’ ಎಂದರೆ ಬೆಳೆಗಾರ ಕಾಫಿಯನ್ನು ತಂದು ಹಾಕಿದ್ದಾನೆ, ಆದರೆ ಇನ್ನೂ ಮಾರಿಲ್ಲ. ದರ ಏರುತ್ತದೆಂದು ಕಾಯುತ್ತಿದ್ದಾನೆ. ಮಾರ್ಚಿನಲ್ಲಿ ಬಂದ ಚೀಲಕ್ಕೆ ಜೂನ್‌ನಲ್ಲಿ ದರ ಕಟ್ಟಬಹುದು. ನಿಮ್ಮ ಪರದೆಯಲ್ಲಿ ದರ ತುಂಬದೆ ‘ಸೇವ್’ ಆಗುವುದಿಲ್ಲ ಎಂದು ಬರೆದಿದ್ದರೆ ಗುಮಾಸ್ತರು ಅಲ್ಲಿ ಒಂದು ರೂಪಾಯಿ ಎಂದು ತುಂಬುತ್ತಾರೆ. ಆ ಒಂದು ರೂಪಾಯಿ ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರ ಮುಂದೆ ಎದ್ದು ಕೂರುತ್ತದೆ. ‘ಅರ್ಧ ತಮ್ಮನ ಖಾತೆಗೆ’ ಎಂದರೆ ಒಂದು ಆವಕಕ್ಕೆ ಇಬ್ಬರು ವಾರಸುದಾರರು. ‘ಮಗಳ ಮದುವೆ’ ಎಂದರೆ ಬಾಕಿಯನ್ನು ತಾನಾಗಿ ಮುರಿದುಕೊಳ್ಳುವ ಜಾಣತನ ನಿಮ್ಮ ಕೋಡಿಗೆ ಬೇಡ, ಅದು ಮನುಷ್ಯರು ಮುಖ ನೋಡಿ ತೀರ್ಮಾನಿಸುವ ಮಾತು. ವ್ಯಾಪಾರಿಯನ್ನು ಎಷ್ಟು ಸಂದರ್ಶನ ಮಾಡಿದರೂ ಇವು ಹೊರಬರುವುದಿಲ್ಲ. ಮುಚ್ಚಿಡುತ್ತಾರೆಂದಲ್ಲ, ಹೇಳಬೇಕಾದ ಸಂಗತಿ ಎಂದೇ ಅವರಿಗೆ ಅನಿಸಿರುವುದಿಲ್ಲ.

ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಥೆ ಕಾರಣ. ಇಪ್ಪತ್ತು ವರ್ಷಕ್ಕೂ ಹಿಂದೆ ನಾನೂ ಕೊನೆಯ ವರ್ಷದಲ್ಲಿದ್ದಾಗ ನಾವು ನಾಲ್ವರು ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ತಂತ್ರಾಂಶ ಮಾಡಿಕೊಟ್ಟೆವು. ಊರವರ ಬಾಯಲ್ಲಿ ಅದು ಡೇರಿ. ಬೆಳಗ್ಗೆ ಆರೂಕಾಲಿಗೆ ಸಾಲು: ಕ್ಯಾನು, ಬಿಂದಿಗೆ, ಮುಚ್ಚಳದ ಮೇಲೆ ಬಾಳೆ ಎಲೆ ಹೊದಿಸಿದ ಸ್ಟೀಲಿನ ತಂಬಿಗೆ. ಕಾರ್ಯದರ್ಶಿಗಳು ಹಾಲು ಅಳೆದು, ಮಾದರಿ ತೆಗೆದು, ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ಬರೆದು ಒಬ್ಬರನ್ನು ಕಳಿಸಲು ಅರ್ಧ ನಿಮಿಷ ಸಾಕಿತ್ತು. ನಮ್ಮ ತಂತ್ರಾಂಶ ಮೊದಲು ಸದಸ್ಯರ ಸಂಖ್ಯೆ ಕೇಳುತ್ತಿತ್ತು. ಹಾಲು ತರುತ್ತಿದ್ದವರು ಹೆಚ್ಚಾಗಿ ಶಾಲೆಯ ಮಕ್ಕಳು, ಅಜ್ಜಿಯರು. ಸಂಖ್ಯೆ ಯಾರಿಗೆ ನೆನಪಿರುತ್ತದೆ? ಕಾರ್ಯದರ್ಶಿಗೆ ಮುಖ ಗೊತ್ತು, ಆ ಮುಖ ಪುಸ್ತಕದ ಯಾವ ಪುಟದಲ್ಲಿದೆ ಎಂಬುದೂ ಗೊತ್ತು. ಹೆಸರಿನಿಂದ ಹುಡುಕಿದರೆ ಪರದೆಯ ಮೇಲೆ ಏಳು ಜನ ಮಂಜೇಗೌಡರು. ಅಷ್ಟರಲ್ಲಿ ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯತೊಡಗಿತು. ಮೂರನೆಯ ದಿನ ಕಾರ್ಯದರ್ಶಿಗಳು ಹೆಗಲ ಮೇಲಿನ ಟವೆಲನ್ನು ಕಂಪ್ಯೂಟರಿಗೆ ಹೊದಿಸಿ ಹಳೆಯ ಪುಸ್ತಕ ತೆರೆದರು. ‘ನಿಮ್ಮ ಮಿಷನ್ನು ಚೆನ್ನಾಗಿಯೇ ಇದೆಯಮ್ಮ, ಹಾಲು ಮಾತ್ರ ಅಷ್ಟು ಹೊತ್ತು ಕಾಯುವುದಿಲ್ಲ’ ಎಂದರು.

ನಮಗೆ ಒಳ್ಳೆಯ ಅಂಕವೇ ಬಂತು. ಪರೀಕ್ಷಕರಿಗೆ ತೋರಿಸಿದ್ದು ಕಾಲೇಜಿನ ಪ್ರಯೋಗಾಲಯದಲ್ಲಿ, ಫ್ಯಾನಿನ ಕೆಳಗೆ, ನಾವೇ ಕಲ್ಪಿಸಿದ ಹತ್ತು ಸದಸ್ಯರ ಹೆಸರಿನಲ್ಲಿ. ಆ ಹತ್ತರಲ್ಲಿ ಇಬ್ಬರು ಮಂಜೇಗೌಡರು ಇರಲಿಲ್ಲ.

ಹಾಗಾಗಿ ಸಲಹೆ ಕೇಳಿ ಬರುವ ಪ್ರತಿ ತಂಡಕ್ಕೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಮುಂದಿನ ವರ್ಷದ ಸುಗ್ಗಿಯ ಹೊತ್ತಿಗೆ ನೀವು ನಾಲ್ವರೂ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತೀರಿ. ಆಗ ಬೆಳಗ್ಗೆ ಈ ತಂತ್ರಾಂಶವನ್ನು ತೆರೆಯುವವರು ಯಾರು? ಅವರ ಹೆಸರು ಹೇಳಲು ಬಂದರೆ ಅದು ಕೆಲಸದ ಸ್ಥಳದ ಪ್ರಾಜೆಕ್ಟು. ಬಾರದಿದ್ದರೆ ಊರು ಬದಲಾಯಿಸಿದ ಪ್ರಯೋಗಾಲಯ.

ಇನ್ನು ವ್ಯಾಪಾರಿಯ ನಾಲ್ಕು ಬೇಡಿಕೆಗಳಿಗೆ ಬರೋಣ. ಒಂದನ್ನು ಮಾತ್ರ ಒಪ್ಪಿಕೊಳ್ಳಿ: ಚೀಲ ಇಳಿದ ಕ್ಷಣದಿಂದ ಬೆಳೆಗಾರರ ಖಾತೆಗೆ ಮೊತ್ತ ಬೀಳುವವರೆಗಿನ ದಾರಿ. ಕೇಳಲು ಸಣ್ಣದು, ಒಳಗೆ ಇಳಿದರೆ ಒಂದು ಸೆಮಿಸ್ಟರಿಗೆ ಧಾರಾಳವಾಯಿತು. ಗಾಡಿ ಬರುತ್ತದೆ, ಹಮಾಲರು ಚೀಲ ಇಳಿಸುತ್ತಾರೆ, ತೂಕವಾಗುತ್ತದೆ, ತೇವಾಂಶ ಮಾಪಕದಲ್ಲಿ ಹಿಡಿ ಕಾಳು ಹಾಕಿ ನೋಡುತ್ತಾರೆ, ಸ್ಯಾಂಪಲ್ ಒಡೆದು ಓಟಿ ತೆಗೆಯುತ್ತಾರೆ.

ಈ ಓಟಿ ನಿಮಗೆ ಹೊಸದಾಗಿದ್ದರೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಒಣಗಿಸಿದ ಹಣ್ಣನ್ನು, ಅಂದರೆ ಚೆರ್ರಿಯನ್ನು, 50 ಕಿಲೋ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಆ 50 ಕಿಲೋದ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಓಟಿ. 26 ಓಟಿ ಎಂದರೆ ಚೀಲಕ್ಕೆ 26 ಕಿಲೋ ಬೀಜ. ದರವನ್ನು ಓಟಿಯ ಒಂದು ಅಂಕಕ್ಕೆ ಇಷ್ಟೆಂದು ಕಟ್ಟಿ, ಓಟಿಯಿಂದ ಗುಣಿಸಿ, ಚೀಲದ ಬೆಲೆ ಮಾಡುತ್ತಾರೆ. ಈಗ ಸ್ಯಾಂಪಲ್ ಒಡೆದಾಗ 26.5 ಬಂತೆನ್ನಿ. ಗುಮಾಸ್ತರು 26 ಬರೆಯುತ್ತಾರೋ, 27 ಬರೆಯುತ್ತಾರೋ, 26.5 ಎಂದೇ ಬಿಡುತ್ತಾರೋ? 40 ಚೀಲದ ಆವಕದಲ್ಲಿ ಆ ಅರ್ಧ ಅಂಕ 20 ಕಿಲೋ ಬೀಜ. ಲೆಕ್ಕಕ್ಕೆ ಅಂಕವೊಂದಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೆ 8,000 ರೂಪಾಯಿ. ನೀವು ಪಾಠದಲ್ಲಿ ಕಲಿತ ‘ರೌಂಡ್’ ಎಂಬ ಒಂದು ಪದ ಇಲ್ಲಿ ಬೆಳೆಗಾರನ ಜೇಬಿಗೋ ವ್ಯಾಪಾರಿಯ ಜೇಬಿಗೋ ಕೈ ಹಾಕುತ್ತದೆ. ಅದನ್ನು ನೀವು ತೀರ್ಮಾನಿಸಕೂಡದು. ಈಗ ನಡೆದುಬಂದಿರುವ ರೂಢಿ ಏನೆಂದು ಕೇಳಿ, ಬರೆದುಕೊಂಡು, ವ್ಯಾಪಾರಿಯ ಸಹಿ ಹಾಕಿಸಿಕೊಳ್ಳಿ.

ಹಣದ ಮಾತು ಬಂದಿದ್ದರಿಂದ ಒಂದು ತಾಂತ್ರಿಕ ಎಚ್ಚರಿಕೆ. ಮೊತ್ತವನ್ನು ‘ಫ್ಲೋಟ್’ ಆಗಿ, ಅಂದರೆ ಕಂಪ್ಯೂಟರ್ ದಶಮಾಂಶವನ್ನು ಅಂದಾಜಿನಲ್ಲಿ ಹಿಡಿದಿಡುವ ರೂಪದಲ್ಲಿ, ಇಡಬೇಡಿ. 0.1 ಮತ್ತು 0.2 ಕೂಡಿಸಿದರೆ ಅದು 0.30000000000000004 ಎನ್ನುತ್ತದೆ. ಒಂದು ಚೀಟಿಯಲ್ಲಿ ಕಾಣದ ಈ ಚೂರು, ಸಾವಿರ ಚೀಟಿ ಕೂಡಿ ಸಂಜೆ ತಾಳೆ ನೋಡುವಾಗ ಕಾಡುತ್ತದೆ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ದಶಮಾಂಶವನ್ನು ಇದ್ದಂತೆಯೇ ಇಡುವ ‘ಡೆಸಿಮಲ್’ ಬಳಸಿ. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಏಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ ಉತ್ತರ ನಿಮ್ಮ ಬಳಿ ಇರುತ್ತದೆ.

ಕ್ಯಾಲೆಂಡರನ್ನು ಮರೆಯುವಂತಿಲ್ಲ. ಕಾಲೇಜಿಗೆ ಒಂದು ಕ್ಯಾಲೆಂಡರು, ಕಾಫಿಗೆ ಇನ್ನೊಂದು. ಅರೇಬಿಕಾ ಕೊಯ್ಲು ಹೆಚ್ಚಾಗಿ ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಎಷ್ಟೋ ತಂಡಗಳು ಡಿಸೆಂಬರ್ ಕೊನೆಯಲ್ಲಿ ಇಡೀ ತಂತ್ರಾಂಶವನ್ನು ಒಮ್ಮೆಗೇ ಹೊತ್ತುಕೊಂಡು ಹೋಗುತ್ತವೆ. ಆಗ ಗೋದಾಮಿನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹೊಸದನ್ನು ಕಲಿಯಿರಿ ಎಂದರೆ ಯಾರಿಗಾದರೂ ರೇಗುತ್ತದೆ. ನೀವು ಅಕ್ಟೋಬರ್ ಮುಗಿಯುವುದರೊಳಗೆ ಆವಕದ ಚೀಟಿ ಎಂಬ ಒಂದೇ ಪರದೆಯನ್ನು ಬಳಸುವ ಹದಕ್ಕೆ ತನ್ನಿ. ಕಳೆದ ವರ್ಷದ ಪುಸ್ತಕದ ಒಂದು ವಾರವನ್ನು ಗುಮಾಸ್ತರ ಕೈಯಲ್ಲೇ ಅದರಲ್ಲಿ ತುಂಬಿಸಿ. ಮೊದಲ ಅರೇಬಿಕಾ ಚೀಲ ಬಂದಾಗ ಪುಸ್ತಕವೂ ನಡೆಯಲಿ, ತಂತ್ರಾಂಶವೂ ನಡೆಯಲಿ. ಎರಡು ವಾರ ಪ್ರತಿ ಸಂಜೆ ಎರಡನ್ನೂ ತಾಳೆ ನೋಡಿ. ವ್ಯತ್ಯಾಸ ಬಂದ ದಿನ ಪುಸ್ತಕವೇ ಸರಿ ಎಂದು ಹೊರಡಿ. ಹತ್ತರಲ್ಲಿ ಒಂಬತ್ತು ಸಲ ಅದೇ ಸರಿ ಇರುತ್ತದೆ. ಹತ್ತನೆಯ ಸಲ ಪುಸ್ತಕದಲ್ಲಿ ತಪ್ಪು ಸಿಕ್ಕಿದರೆ ಅದನ್ನು ಮಾಲೀಕರ ಮುಂದೆ ಮೆರೆಸಬೇಡಿ, ಗುಮಾಸ್ತರಿಗೆ ಮೆಲ್ಲಗೆ ತೋರಿಸಿ. ನಿಮ್ಮ ತಂತ್ರಾಂಶದ ಆಯಸ್ಸು ಅವರ ಕೈಯಲ್ಲಿದೆ.

ತಂತ್ರಾಂಶವನ್ನು ಸಣ್ಣ ಕಂತುಗಳಲ್ಲಿ ಮಾಡಿ, ಬಳಸುವವರಿಗೆ ತೋರಿಸುತ್ತಾ ತಿದ್ದಿಕೊಳ್ಳುವ ವಿಧಾನದ ಬಗ್ಗೆ ನಿಮ್ಮ ಪಠ್ಯದಲ್ಲಿ ಅಜೈಲ್ ಎಂಬ ಅಧ್ಯಾಯ ಇರುತ್ತದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಪ್ರಣಾಳಿಕೆಯನ್ನು ಕಂಠಪಾಠ ಮಾಡಿರುತ್ತೀರಿ. ಗೋದಾಮಿನಲ್ಲಿ ಅದರ ಅರ್ಥ ಇಷ್ಟೇ: ಹದಿನೈದು ದಿನಕ್ಕೊಂದು ಶನಿವಾರ ಗುಮಾಸ್ತರ ಕೈಗೆ ಮೌಸ್ ಕೊಟ್ಟು ನೀವು ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲುವುದು. ಎರಡನೆಯದು ಕಷ್ಟ. ‘ಅಲ್ಲಿ ಒತ್ತಿ ಸಾರ್’ ಎಂದು ನಾಲಿಗೆ ತುದಿಗೆ ಬರುತ್ತದೆ. ನೀವು ಹೇಳಿಕೊಡಬೇಕಾಗಿ ಬಂದ ಜಾಗಗಳೆಲ್ಲ ಪರದೆಯ ತಪ್ಪುಗಳು, ಗುರುತು ಹಾಕಿಕೊಳ್ಳಿ.

ಈಗ ನಿಮ್ಮ ಗೈಡ್ ಹೇಳಿದ ಮಷೀನ್ ಲರ್ನಿಂಗ್, ಅಂದರೆ ಹಳೆಯ ಮಾಹಿತಿಯಿಂದ ಕಂಪ್ಯೂಟರ್ ತಾನೇ ಕಲಿತು ಅಂದಾಜು ಹೇಳುವ ವಿಧಾನ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪರೀಕ್ಷಕರ ಮುಂದೆ ನಿಲ್ಲುವುದು ಅವರಿಗೂ ಇದೆ. ಆದರೆ ನಾಳಿನ ಕಾಫಿ ದರ ಹೇಳುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಅರೇಬಿಕಾಗೆ ನ್ಯೂಯಾರ್ಕ್, ರೊಬಸ್ಟಾಗೆ ಲಂಡನ್ ಮಾರುಕಟ್ಟೆ ದಾರಿ ತೋರಿಸುತ್ತದೆ. 2021ರ ಜುಲೈಯಲ್ಲಿ ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಹಿಮಗಟ್ಟಿ ಗಿಡಗಳು ಕರಕಲಾದಾಗ ದರ ಏರಿತು. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಮೂಡಿಗೆರೆಯ ರೊಬಸ್ಟಾ ಬೆಳೆಗಾರ ಮೊಬೈಲ್ ನೋಡುತ್ತಾನೆ. ಒಂದು ಗೋದಾಮಿನ ಮೂರು ವರ್ಷದ ಪುಸ್ತಕದಲ್ಲಿ ಬ್ರೆಜಿಲ್‌ನ ಚಳಿ ದಾಖಲಾಗಿಲ್ಲ. ನಿಮ್ಮ ಮಾದರಿ ಹಿಂದಿನ ದರಗಳ ಮೇಲೆ ಸೊಗಸಾದ ಗೆರೆ ಎಳೆಯುತ್ತದೆ, ಅದನ್ನು ನಂಬಿ ಒಬ್ಬ ಬೆಳೆಗಾರ ಎರಡು ವಾರ ತಡೆದು ಮಾರಿದರೆ ಆ ನಷ್ಟ ನಿಮ್ಮ ವರದಿಯ ಯಾವ ಅಧ್ಯಾಯದಲ್ಲೂ ಬರುವುದಿಲ್ಲ.

ಬದಲಿಗೆ ಗೈಡ್ ಮುಂದೆ ಇದನ್ನಿಡಿ: ಗೋದಾಮಿನ ತೂಕದ ಕೊರತೆ. ಬಂದಾಗ ಬರೆದ ತೂಕಕ್ಕೂ ಲೋಡ್ ಹೊರಡುವಾಗಿನ ತೂಕಕ್ಕೂ ವ್ಯತ್ಯಾಸ ಬರುವುದು ಎಲ್ಲ ಕಡೆ ಇದ್ದದ್ದೇ, ಮತ್ತು ಅದನ್ನು ಹಮಾಲರ ತಲೆಗೆ ಕಟ್ಟುವುದೂ ಇದ್ದದ್ದೇ. ಲೆಕ್ಕ ಹೀಗಿದೆ. ಶೇ 14 ತೇವಾಂಶದಲ್ಲಿ ಬಂದ 1,000 ಕಿಲೋ ರೊಬಸ್ಟಾ ಚೆರ್ರಿಯಲ್ಲಿ ಒಣ ಪದಾರ್ಥ 860 ಕಿಲೋ. ಅದು ಆರಿ ಶೇ 11ಕ್ಕೆ ಇಳಿದಾಗ ಒಣ ಪದಾರ್ಥ ಅಷ್ಟೇ ಇರುತ್ತದೆ, ಒಟ್ಟು ತೂಕ ಮಾತ್ರ 860ನ್ನು 0.89ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 966 ಕಿಲೋ ಆಗುತ್ತದೆ. 34 ಕಿಲೋ ಗಾಳಿಗೆ ಹೋಯಿತು, ಯಾರೂ ಕದಿಯಲಿಲ್ಲ. ಪುಸ್ತಕ 60 ಕಿಲೋ ಕೊರತೆ ತೋರಿಸಿದರೆ ವಿಚಾರಿಸಬೇಕಾದದ್ದು ಉಳಿದ 26 ಕಿಲೋವನ್ನು. ಹರಿದ ಚೀಲವೇ, ತಕ್ಕಡಿಯೇ, ಮಾಪಕವೇ? ಪ್ರತಿ ರಾಶಿಗೆ ನಿರೀಕ್ಷಿತ ಕೊರತೆ ಇಷ್ಟೆಂದು ಲೆಕ್ಕ ಹಾಕಿ, ಅದನ್ನು ಮೀರಿದವನ್ನು ಬೇರೆ ಬಣ್ಣದಲ್ಲಿ ತೋರಿಸಿದರೆ ಸಾಕು. ಎರಡು ಮೂರು ಸುಗ್ಗಿಯ ಪುಸ್ತಕ ಸಿಕ್ಕಿದರೆ ಯಾವ ತಿಂಗಳಲ್ಲಿ, ಎಷ್ಟು ದಿನ ಇಟ್ಟರೆ, ಎಷ್ಟು ಕೊರತೆ ಎಂದು ಹಳೆಯ ಅಂಕಿಗಳಿಂದ ಅಂದಾಜು ಹೇಳುವ ಒಂದು ಸರಳ ಹಿಂಚಲನೆ (ರಿಗ್ರೆಷನ್) ಮಾದರಿಯನ್ನೂ ಕಟ್ಟಬಹುದು. ಗೈಡ್ ಬಯಸಿದ ಅಧ್ಯಾಯ ಬಂತು, ಹಮಾಲರ ಮೇಲಿನ ಗುಮಾನಿಯೂ ಅಷ್ಟು ತಗ್ಗಿತು.

ವರದಿಗೆ ಅಳತೆಗಳೂ ಬೇಕು. ಒಂದು ಚೀಟಿ ಬರೆಯಲು ಮೊದಲು ಎಷ್ಟು ಸೆಕೆಂಡ್, ಈಗ ಎಷ್ಟು? ಸಂಜೆ ತಾಳೆಯಾಗದ ಚೀಟಿಗಳು ವಾರಕ್ಕೆ ಎಷ್ಟಿದ್ದವು, ಎಷ್ಟಾದವು? ಇದನ್ನು ಆಗಸ್ಟಿನಲ್ಲಿ, ಕೋಡ್ ಬರೆಯುವ ಮೊದಲೇ, ಹಳೆಯ ಪುಸ್ತಕ ಮತ್ತು ಕೈಗಡಿಯಾರ ಇಟ್ಟುಕೊಂಡು ಅಳೆಯಿರಿ. ಮೊದಲಿನ ಅಂಕಿಯೇ ಇಲ್ಲದೆ ‘ನಮ್ಮ ತಂತ್ರಾಂಶದಿಂದ ಸಮಯ ಉಳಿಯಿತು’ ಎಂದು ಬರೆದ ವರದಿಗಳನ್ನು ಓದಿ ಓದಿ ನನಗೆ ಬೇಸರ ಬಂದಿದೆ.

ಹಾಸನದಲ್ಲಿ ಓದುವವರಿಗೆ ಇನ್ನೊಂದು ಆಸೆ ಇರುತ್ತದೆ: ಪ್ರಮಾಣಪತ್ರದ ಮೇಲೆ ದೊಡ್ಡ ಹೆಸರು. ಊರಿನಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ಅಲ್ಲಿ ಅವಕಾಶ ಸಿಕ್ಕರೆ ಖಂಡಿತ ಬಿಡಬೇಡಿ. ಆದರೆ ಉದ್ಯೋಗದ ಸಂದರ್ಶನದಲ್ಲಿ ಕುಳಿತವರು ಕೇಳುವುದು ‘ನೀವು ಏನು ತಪ್ಪು ಮಾಡಿದಿರಿ, ಹೇಗೆ ತಿದ್ದಿಕೊಂಡಿರಿ’ ಎಂದು. ‘ದರ ಆಮೇಲೆ’ ಎಂಬ ಎರಡು ಪದದಿಂದ ಡೇಟಾಬೇಸನ್ನೇ ಬದಲಿಸಿದ ಕಥೆ ಹೇಳಬಲ್ಲ ಹುಡುಗಿಯನ್ನು ನಾನಾದರೆ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ.

ಕೋಡ್ ಯಾರದು ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಹೆಚ್ಚಿನವರು ಜಗಳವಾದ ಮೇಲೆ ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕ. ನೌಕರನೋ ಅಪ್ರೆಂಟಿಸನೋ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ನೀವು ಅವರ ನೌಕರರೂ ಅಲ್ಲ, ಅಪ್ರೆಂಟಿಸರೂ ಅಲ್ಲ. ಹಾಗಾಗಿ ಮೊದಲ ಹಕ್ಕು ಬರೆದ ನಿಮ್ಮದು. ಕಾಲೇಜಿಗೆ ತನ್ನದೇ ನಿಯಮ ಇರಬಹುದು, ಅದನ್ನು ವಿಭಾಗದಲ್ಲಿ ವಿಚಾರಿಸಿ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಲೇಬೇಕು. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ 5 ವರ್ಷಕ್ಕೆ ಎಂದೂ, ಎಲ್ಲಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ನನ್ನ ಸಲಹೆ ಇದು: ಕೃತಿಸ್ವಾಮ್ಯ ನಿಮ್ಮಲ್ಲಿರಲಿ, ಬಳಸುವ ಮತ್ತು ಬೇರೆಯವರಿಂದ ತಿದ್ದಿಸಿಕೊಳ್ಳುವ ಹಕ್ಕನ್ನು ಕಾಲಮಿತಿ ಇಲ್ಲದೆ ವ್ಯಾಪಾರಿಗೆ ಕೊಡಿ. ಒಂದೇ ಪುಟದ ಪತ್ರ, ಕನ್ನಡದಲ್ಲೇ ಬರೆಯಿರಿ. ಅದರಲ್ಲಿ ಏನು ಮಾಡುತ್ತೀರಿ ಎಂಬುದಕ್ಕಿಂತ ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ. ವಾಟ್ಸ್‌ಆ್ಯಪ್ ಸಂದೇಶ, ದರದ ಭವಿಷ್ಯ ಇಲ್ಲ ಎಂದು ಈಗಲೇ ಬರೆಯದಿದ್ದರೆ ಫೆಬ್ರವರಿಯಲ್ಲಿ ನಿಮ್ಮ ಸೋದರಮಾವನಿಗೆ ಫೋನ್ ಹೋಗುತ್ತದೆ.

ಹಣದ ವಿಚಾರದಲ್ಲಿ ನಾನು ಹಳೆಯ ಕಾಲದವಳು ಎನ್ನಿಸಬಹುದು. ಬಸ್ ಚಾರ್ಜು, ಮಧ್ಯಾಹ್ನದ ಊಟ ತೆಗೆದುಕೊಳ್ಳಿ, ಸಂಕೋಚ ಬೇಡ. ಸಂಬಳದಂತೆ ತೆಗೆದುಕೊಂಡರೆ ನೀವು ವಿದ್ಯಾರ್ಥಿಗಳಾಗಿ ಉಳಿಯುವುದಿಲ್ಲ, ಪರೀಕ್ಷೆಯ ವಾರದಲ್ಲೂ ಕರೆದರೆ ಹೋಗಬೇಕಾಗುತ್ತದೆ. ಸುಗ್ಗಿ ಮುಗಿದ ಮೇಲೂ ಅವರು ಬಳಸುತ್ತಿದ್ದು, ಖುಷಿಯಿಂದ ಕೊಟ್ಟರೆ ಆಗ ಕೈಚಾಚಿ. ಆದರೆ ಸರ್ವರ್ ಬಾಡಿಗೆ, ಡೊಮೇನ್ ಹೆಸರು ಇಂಥವನ್ನು ಮೊದಲ ದಿನದಿಂದಲೇ ವ್ಯಾಪಾರಿಯ ಹೆಸರಿನಲ್ಲಿ, ಅವರ ಇಮೇಲಿನಲ್ಲಿ, ಅವರ ಹಣದಲ್ಲಿ ಮಾಡಿಸಿ. ಹುಡುಗರ ಖಾತೆಯಲ್ಲಿದ್ದ ಡೊಮೇನು ನವೀಕರಣವಾಗದೆ ಒಂದು ಬೆಳಗ್ಗೆ ಎಲ್ಲವೂ ಮಾಯವಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಇನ್ನೊಂದು ಪುಸ್ತಕ ಗೋದಾಮಿನ ಡ್ರಾಯರಿನಲ್ಲಿರುತ್ತದೆ: ಬೆಳೆಗಾರರ ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಚೀಟಿಗಳ ನಕಲು. ಅದರ ಫೋಟೋ ನಿಮ್ಮ ಮೊಬೈಲಿಗೆ ಬರಕೂಡದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಇರದಿದ್ದರೂ ಅದು ಕೂಡದು. ಹಾಸ್ಟೆಲಿನಲ್ಲಿ ಕುಳಿತು ಪರೀಕ್ಷಿಸಲು ಸುಳ್ಳು ಹೆಸರಿನ ಮಾಹಿತಿ ಸೃಷ್ಟಿಸಿಕೊಳ್ಳಿ, ಏಳು ಮಂಜೇಗೌಡರನ್ನು ಸೇರಿಸಲು ಮರೆಯಬೇಡಿ. ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಬೈಂಡ್ ಮಾಡಿಸಿಟ್ಟ ಪ್ರಾಜೆಕ್ಟ್ ವರದಿಯೊಳಗೆ ನಿಜವಾದ ರೈತರ ಖಾತೆ ಸಂಖ್ಯೆಗಳು ಬಣ್ಣದಲ್ಲಿ ಅಚ್ಚಾಗಿದ್ದನ್ನು ಕಂಡು ನಾನು ಬೆವತಿದ್ದೇನೆ.

ಕನ್ನಡದ ವಿಷಯ ಒಂದಿದೆ, ನಿಮಗೆ ಎದುರಾಗುವುದು ನಿಶ್ಚಿತ. ಗುಮಾಸ್ತರ ಕಂಪ್ಯೂಟರಿನಲ್ಲಿ ಬೆಳೆಗಾರರ ಹಳೆಯ ಪಟ್ಟಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿರಬಹುದು. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಹಾಗೇ ಡೇಟಾಬೇಸಿಗೆ ಎಳೆದುಕೊಂಡರೆ ‘ಮಂಜೇಗೌಡ’ ಎಂದು ಹುಡುಕಿದಾಗ ಏನೂ ಸಿಗುವುದಿಲ್ಲ, ಅಕಾರಾದಿಯೂ ಕೆಡುತ್ತದೆ. ಮೊದಲು ಯುನಿಕೋಡಿಗೆ, ಅಂದರೆ ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ಪರಿವರ್ತಿಸಿ. ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಪರಿವರ್ತನೆ ಎಡವುವುದು ಅಲ್ಲೇ. ಚೀಟಿ ಕನ್ನಡದಲ್ಲೇ ಮುದ್ರಣವಾಗಲಿ, ಬೆಳೆಗಾರ ಓದಿಕೊಳ್ಳುವುದು ಅದನ್ನು.

ಕರೆಂಟು, ನೆಟ್‌ವರ್ಕ್ ಬಗ್ಗೆ ಮಲೆನಾಡಿನ ಅಂಚಿನಲ್ಲಿರುವ ನಿಮಗೆ ಹೇಳಬೇಕಾಗಿಲ್ಲ. ಇಂಟರ್ನೆಟ್ ಇಲ್ಲದೆಯೂ ಚೀಟಿ ಬರೆಯಲು ಬರಬೇಕು, ಅಷ್ಟೇ. ದಿನದ ಬ್ಯಾಕಪ್ ಪೆನ್‌ಡ್ರೈವಿಗೆ ಹೋಗಲಿ, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಎಲ್ಲ ವಾಪಸ್ ಬರುತ್ತದೆಯೇ ಎಂದು ನೀವಿರುವಾಗಲೇ ಒಮ್ಮೆ ನೋಡಿ.

ನೀವು ಹೊರಟ ಮೇಲೆ ಉಳಿಯುವುದು ಏನು ಎಂಬ ಮಾತಿಗೆ ಮತ್ತೆ ಬರುತ್ತೇನೆ. ನೂರು ಪುಟದ ವರದಿಯನ್ನು ಗುಮಾಸ್ತರು ತೆರೆಯುವುದಿಲ್ಲ. ನಾಲ್ಕು ಪುಟದ ಕೈಪಿಡಿ, ಅವರದೇ ಮಾತಿನಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಮೇಜಿನ ಪಕ್ಕದ ಮೊಳೆಗೆ ತೂಗುಹಾಕಿ. ತಪ್ಪು ಚೀಟಿ ಬರೆದರೆ ರದ್ದು ಮಾಡುವುದು ಹೇಗೆ, ಪ್ರಿಂಟರ್ ನಿಂತರೆ ಏನು, ಕಂಪ್ಯೂಟರ್ ಕೆಟ್ಟರೆ ಆ ದಿನ ಪುಸ್ತಕದಲ್ಲಿ ಬರೆದದ್ದನ್ನು ಮರುದಿನ ತುಂಬುವುದು ಹೇಗೆ ಎಂಬಿಷ್ಟು ಸಾಕು. ಎಲ್ಲಕ್ಕಿಂತ ಮೇಲಾಗಿ, ಎಲ್ಲ ಮಾಹಿತಿಯನ್ನು ಒಂದು ಗುಂಡಿ ಒತ್ತಿ ಎಕ್ಸೆಲ್ ಕಡತವಾಗಿ ಹೊರತೆಗೆಯುವ ದಾರಿ ಇರಲಿ. ನಾಳೆ ನಿಮ್ಮ ತಂತ್ರಾಂಶ ಬೇಡವಾದರೂ ಅವರ ಲೆಕ್ಕ ಅದರೊಳಗೆ ಸಿಕ್ಕಿಕೊಳ್ಳಬಾರದು.

ತಂಡದ ಬಗ್ಗೆ ಚುಟುಕಾಗಿ: ಒಬ್ಬಳು ಕೋಡ್ ಬರೆದು ಮೂವರು ಪಿಪಿಟಿ ಮಾಡುವ ಪದ್ಧತಿಯನ್ನು ಈಗಲೇ ಮುರಿಯಿರಿ. ನಾಲ್ವರೂ ಸರದಿಯ ಮೇಲೆ ಗೋದಾಮಿಗೆ ಹೋಗಬೇಕು, ಒಬ್ಬೊಬ್ಬರೂ ದಿನಚರಿ ಬರೆಯಬೇಕು, ಯಾರು ಯಾವ ಕೋಡ್ ಬರೆದರೆಂದು ದಾಖಲಿಸುವ ಗಿಟ್‌ನಲ್ಲಿ ನಾಲ್ವರ ಹೆಸರೂ ಕಾಣಬೇಕು.

ಸಿದ್ಧ ಪ್ರಾಜೆಕ್ಟಿನ ಬಗ್ಗೆ ಉಪದೇಶ ಮಾಡುವುದಿಲ್ಲ. ಅದೇ ಸರಕು ಆ ವರ್ಷ ಎಷ್ಟು ಕಾಲೇಜುಗಳಿಗೆ ಹೋಗಿದೆಯೋ ಪರೀಕ್ಷಕರಿಗೆ ಗೊತ್ತಿರುತ್ತದೆ. ‘ಈ ಕಾಲಂ ಏಕಿದೆ’ ಎಂದು ಒಂದನ್ನು ಬೆರಳಿಟ್ಟು ಕೇಳಿದರೆ ಮುಗಿಯಿತು.

ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರು ಸುಮಾರು 60 ಕಿಲೋಮೀಟರ್. ಗೋದಾಮು ತೆರೆಯುವ ಹೊತ್ತಿಗೆ ಅಲ್ಲಿರಬೇಕಾದರೆ ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡಬೇಕು. ಛತ್ರಿ ಮರೆಯಬೇಡಿ. ಮೊದಲ ದಿನ ಇಬ್ಬರೇ ಹೋಗಿ, ನಾಲ್ವರು ನುಗ್ಗಿದರೆ ಗುಮಾಸ್ತರು ಗಾಬರಿಯಾಗುತ್ತಾರೆ. ಜೊತೆಗೆ ಕರೆದುಕೊಂಡು ಹೋಗುವುದು ಬೆಂಗಳೂರಿನಲ್ಲಿ ಕೊಂಡುಬಿಡೋಣ ಎಂದ ಆ ಗೆಳೆಯನನ್ನು. ಷರಾ ಕಾಲಂ ಓದಿ ಬರೆದುಕೊಳ್ಳುವ ಕೆಲಸ ಅವನಿಗೇ ಕೊಡಿ.